ಕೊಡಗಿನ ಮನೆಹೆಸರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನವರ ಹೆಸರಿನ ಮುಂದೆ ನಿಲ್ಲುವ ಒಂದೋ ಎರಡೋ ಅಕ್ಷರಗಳ ಹಿಂದೆ ಏನಿದೆ ಎಂದು ಹೊರಗಿನ ಗೆಳೆಯರು ಕೇಳುತ್ತಾರೆ; ಈಚೆಗೆ ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಹುಟ್ಟಿ ಬೆಳೆದ ನಮ್ಮದೇ ಮಕ್ಕಳು ಕೇಳುತ್ತಿದ್ದಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಕೊಡಗಿನಲ್ಲಿ ಮನೆಹೆಸರು ಎಂದು ಯಾವುದನ್ನು ಕರೆಯುತ್ತಾರೆ?

ಒಬ್ಬ ಮೂಲಪುರುಷನಿಂದ ಗಂಡು ಸಂತತಿಯ ಮೂಲಕ ಇಳಿದುಬಂದವರೆಲ್ಲ ಸೇರಿ ಆಗುವ ಕುಟುಂಬಕ್ಕೆ ಕೊಡವರು ‘ಒಕ್ಕ’ ಎನ್ನುತ್ತಾರೆ. ಆ ಒಕ್ಕಕ್ಕೆ ಇರುವ ಹೆಸರೇ ಮನೆಹೆಸರು. ಕೊಡವ ತಕ್ಕ್‌ನಲ್ಲಿ (ಅಂದರೆ ಕೊಡವರ ಭಾಷೆಯಲ್ಲಿ) ಹೇಳುವುದಾದರೆ ಮನೆಪೆದ. ಕನ್ನಡದ ‘ಒಕ್ಕಲು’ ಎಂಬ ಮಾತಿಗೂ ಇದಕ್ಕೂ ನಂಟಿರುವುದು ಕಿವಿಗೇ ತಿಳಿಯುತ್ತದೆ, ಆದರೆ ಒಕ್ಕವೆಂದರೆ ಒಂದು ಸೂರಿನ ಕೆಳಗೆ ಬಾಳುವ ಸಂಸಾರವಷ್ಟೇ ಅಲ್ಲ. ಹತ್ತಾರು ಸಂಸಾರಗಳು ಹತ್ತಾರು ಊರುಗಳಲ್ಲಿ ಚದುರಿದ್ದರೂ ಒಂದು ಐನ್‌ಮನೆ (ಮೂಲಮನೆ), ಒಂದು ಕೈಮಡ (ಹಿರಿಯರ ಗುಡಿ), ಒಬ್ಬ ಪಟ್ಟೆದಾರ ಇರುವವರೆಗೆ ಅದು ಒಂದೇ ಒಕ್ಕ. ಪಟ್ಟೆದಾರನೆಂದರೆ ಒಕ್ಕದ ಗಂಡಸರಲ್ಲಿ ವಯಸ್ಸಿನಿಂದ ಎಲ್ಲರಿಗಿಂತ ಹಿರಿಯನಾದವನು. ಅವನು ಪಟ್ಟಣದಲ್ಲಿರಲಿ ತೋಟದಲ್ಲಿರಲಿ, ಓದಿದವನಾಗಿರಲಿ ಓದದವನಾಗಿರಲಿ, ಆ ಸ್ಥಾನ ವಯಸ್ಸಿನ ಲೆಕ್ಕದಲ್ಲಿಯೇ ಬರುತ್ತದೆ.

ಕಾರ್ಯಪ್ಪ, ತಿಮ್ಮಯ್ಯ, ಬೋಪಣ್ಣ, ಪೂಣಚ್ಚ: ಇವು ಮನೆಹೆಸರುಗಳಲ್ಲವೆ?

ಅಲ್ಲ. ಇಡೀ ವಿಷಯದಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ಕೊಡವರ ಪೂರ್ಣ ಹೆಸರಿನಲ್ಲಿ ಮೊದಲು ಬರುವುದು ಒಕ್ಕದ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಯಲ್ಲಿ ತನ್ನ ಹೆಸರು. 1949ರ ಜನವರಿ 15ರಂದು ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡು, 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಪಡೆದವರ ಪೂರ್ಣ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಇದರಲ್ಲಿ ಕೊಡಂದೇರ ಎಂಬುದು ಒಕ್ಕ, ಮಾದಪ್ಪ ಎಂಬುದು ತಂದೆ, ಕಾರ್ಯಪ್ಪ ಎಂಬುದು ಅವರೊಬ್ಬರ ಹೆಸರು. ಸೇನೆಯ ಕಡತಗಳು ಇದನ್ನು ಕೆ. ಎಂ. ಕಾರ್ಯಪ್ಪ ಎಂದು ಬರೆದವು. ಇಂಗ್ಲಿಷ್ ಪದ್ಧತಿಯಲ್ಲಿ ಕೊನೆಯ ಪದವೇ ಕುಟುಂಬದ ಹೆಸರೆಂದು ತಿಳಿದ ಓದುಗರು ಕಾರ್ಯಪ್ಪ ಎಂಬುದೊಂದು ಮನೆತನವಿದೆ ಎಂದುಕೊಂಡರು. ನಿಜವಾದ ಮನೆತನ ‘ಕೆ’ ಎಂಬ ಒಂದು ಅಕ್ಷರದೊಳಗೆ ಅಡಗಿಹೋಯಿತು.

ಇದೇ ಕೀಲಿಯಿಂದ ಬೇರೆ ಹೆಸರುಗಳನ್ನೂ ತೆರೆಯಬಹುದು. 1952ರಿಂದ 1956ರವರೆಗೆ ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಸಿ. ಎಂ. ಪೂಣಚ್ಚನವರ ‘ಸಿ’ ಎಂದರೆ ಚೆಪ್ಪುಡೀರ. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಸಿ. ಬಿ. ಮುತ್ತಮ್ಮನವರ ‘ಸಿ’ ಎಂದರೆ ಚೋನಿರ, ‘ಬಿ’ ಎಂದರೆ ತಂದೆ ಬೆಳ್ಳಿಯಪ್ಪ. ಎರಡೂ ‘ಸಿ’ಗಳು ಒಂದೇ ಅಲ್ಲವೆಂಬುದನ್ನು ಗಮನಿಸಬೇಕು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಾಕಿ ತಂಡದಲ್ಲಿದ್ದ ಎಂ. ಎಂ. ಸೋಮಯ್ಯನವರು ಮನೆಯಪಂಡ ಒಕ್ಕದವರು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಕಂಚಿನ ತಂಡದಲ್ಲಿದ್ದ ಎಂ. ಪಿ. ಗಣೇಶ್ ಅವರು ಮೊಳ್ಳೇರ ಒಕ್ಕದವರು. 1965ರ ಯುದ್ಧದಲ್ಲಿ ಸರ್ಗೋಧದ ಮೇಲಿನ ವಾಯುದಾಳಿಯಿಂದ ಹಿಂತಿರುಗದ, 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದ ಸ್ಕ್ವಾಡ್ರನ್ ಲೀಡರ್ ಎ. ಬಿ. ದೇವಯ್ಯನವರು ಅಜ್ಜಮಾಡ ಬೋಪಯ್ಯ ದೇವಯ್ಯ.

ಟೆನಿಸ್ ಆಟಗಾರ ರೋಹನ್ ಬೋಪಣ್ಣನವರ ಹೆಸರಿನಲ್ಲಿ ಕ್ರಮ ಸ್ವಲ್ಪ ಬದಲಾಗಿದೆ. ಅವರ ಒಕ್ಕ ಮಚ್ಚಂಡ. ಬೋಪಣ್ಣ ಎಂಬುದು ತಂದೆಯ ಹೆಸರು. ತಂದೆಯ ಹೆಸರು ಹೀಗೆ ಕೊನೆಗೆ ಹೋಗಿ ಕೂರುವುದು ಕಳೆದ ಎರಡು ಮೂರು ತಲೆಮಾರುಗಳ ಪಟ್ಟಣವಾಸದ ಫಲ. 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಜಗತ್ತು ‘ಬೋಪಣ್ಣ’ ಎಂದು ಕೂಗಿತು. ಕೊಡಗಿನ ಹಿರಿಯರು ಮಾತ್ರ ‘ಮಚ್ಚಂಡ ಹುಡುಗ’ ಎಂದೇ ಗುರುತಿಸಿದರೆ ಅದರಲ್ಲಿ ಆಶ್ಚರ್ಯಪಡಬೇಕಾದ್ದೇನೂ ಇಲ್ಲ.

ಮನೆಹೆಸರನ್ನು ಮೊದಲಿಗೆ ಇಡುವುದೇಕೆ?

ಕೊಡವರಲ್ಲಿ ವೈಯಕ್ತಿಕ ಹೆಸರುಗಳ ಸಂಗ್ರಹ ದೊಡ್ಡದಲ್ಲ. ಅಪ್ಪಯ್ಯ, ಬೆಳ್ಳಿಯಪ್ಪ, ಬೋಪಯ್ಯ, ಚೆಂಗಪ್ಪ, ಮಾಚಯ್ಯ, ಮುತ್ತಣ್ಣ, ನಂಜಪ್ಪ, ಪೊನ್ನಪ್ಪ, ಪೂವಯ್ಯ, ಸೋಮಯ್ಯ, ಸುಬ್ಬಯ್ಯ, ಉತ್ತಯ್ಯ. ಹೆಂಗಸರಲ್ಲಿ ಅಕ್ಕಮ್ಮ, ಬೊಳ್ಳಮ್ಮ, ದೇಚಮ್ಮ, ಕಾವೇರಮ್ಮ, ಮುತ್ತಮ್ಮ, ಪೊನ್ನಮ್ಮ, ಸೀತಮ್ಮ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯೂ ಸೇರಿಕೊಂಡು ಒಂದೇ ನಾಡಿನಲ್ಲಿ ಐದಾರು ಬೋಪಯ್ಯಂದಿರು ಸಿಗುತ್ತಾರೆ. ಆದ್ದರಿಂದ ‘ಬೋಪಯ್ಯ’ ಎಂದರೆ ಯಾರೆಂದು ತಿಳಿಯುವುದಿಲ್ಲ. ಯಾರ ಮನೆಯ ಬೋಪಯ್ಯ ಎಂದು ಹೇಳಿದ ಮೇಲೆ ಮಾತು ಮುಂದುವರಿಯುತ್ತದೆ. ಇಂದಿಗೂ ಇಬ್ಬರು ಅಪರಿಚಿತರು ಮದುವೆಯ ಊಟದಲ್ಲಿ ಪಕ್ಕಪಕ್ಕ ಕುಳಿತರೆ ಮೊದಲ ಪ್ರಶ್ನೆ ಹೆಸರಿನದಲ್ಲ, ಮನೆಯದು.

‘ಅಂಡ’, ‘ಇರ’, ‘ಏರ’ ಎಂಬ ಕೊನೆಗಳಿಗೆ ಅರ್ಥವೇನು?

ಇವು ಬೇರೆ ಬೇರೆ ಜಾತಿಯ ಅಥವಾ ದರ್ಜೆಯ ಗುರುತುಗಳೆಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಹಾಗೇನೂ ಇಲ್ಲ, ಇದು ಬರಿಯ ವ್ಯಾಕರಣದ ಮಾತು. ಕೊಡವ ತಕ್ಕ್‌ನಲ್ಲಿ ‘ಅವನ ಮನೆ’ ಎನ್ನುವುದಕ್ಕೆ ‘ಅವಂಡ ಮನೆ’ ಎನ್ನುತ್ತಾರೆ. ಕನ್ನಡದ ‘ಅ’ ಎಂಬ ಷಷ್ಠಿ ಪ್ರತ್ಯಯದ ಜಾಗದಲ್ಲಿ ಅಲ್ಲಿ ‘ಡ’ ಬರುತ್ತದೆ. ಆದ್ದರಿಂದ ಮುದ್ದಂಡ ಎಂಬುದನ್ನು ಮುದ್ದನ, ಅಂದರೆ ಮುದ್ದ ಎಂಬ ಹಿರಿಯನಿಗೆ ಸೇರಿದ ಎಂದು ಬಿಡಿಸಬಹುದು. ಮಚ್ಚಂಡ, ಚೇಂದಂಡ, ಮಾದಂಡ, ಪಾಂಡಂಡ, ಕುಪ್ಪಂಡ ಎಂಬ ಹೆಸರುಗಳೂ ಇದೇ ಅಚ್ಚಿನವು. ‘ಇರ’ ಮತ್ತು ‘ಏರ’ ಎಂದು ಮುಗಿಯುವ ಐಚೆಟ್ಟಿರ, ಚೋನಿರ, ಮುಕ್ಕಾಟಿರ, ಕೊಡಂದೇರ, ಮೊಳ್ಳೇರಗಳಲ್ಲಿ ಇರುವುದು ಬಹುವಚನದ, ಗೌರವದ ಷಷ್ಠಿ. ನಾವು ‘ಗೌಡರ ಮನೆ’, ‘ಪಟೇಲರ ತೋಟ’ ಎನ್ನುವಾಗ ಬರುವ ‘ರ’ಕಾರದ ಹತ್ತಿರದ ನೆಂಟ. ನೆಲ್ಲಮಕ್ಕಡದಂತೆ ‘ಡ’ ಮಾತ್ರ ಉಳಿದ ಹೆಸರುಗಳೂ ಉಂಟು.

ಹೀಗೆ ನೋಡಿದರೆ ಕೊಡಗಿನ ಮನೆಹೆಸರು ಪೂರ್ಣ ನಾಮಪದವೇ ಅಲ್ಲ. ‘ಇಂಥವರ’ ಎಂದು ಹೇಳಿ ಅದು ನಿಂತುಬಿಡುತ್ತದೆ, ಮುಂದೆ ಇನ್ನೊಂದು ಪದ ಬೇಕೆಂದು ಕಾಯುತ್ತದೆ. ಆ ಪದ ‘ಮನೆ’ ಆಗಬಹುದು, ‘ಒಕ್ಕ’ ಆಗಬಹುದು, ಒಬ್ಬ ಮನುಷ್ಯನ ಹೆಸರಾಗಬಹುದು. ಅದನ್ನು ಕೊನೆಗೆ ಎಳೆದು ‘ಬೋಪಯ್ಯ ಮುದ್ದಂಡ’ ಎಂದು ಬರೆದಾಗ ಕೊಡವ ತಕ್ಕ್ ಬಲ್ಲವರ ಕಿವಿಗೆ ಅದು ‘ಬೋಪಯ್ಯ ಮುದ್ದನ’ ಎಂಬಂತೆ ಅರ್ಧಕ್ಕೇ ನಿಂತ ಮಾತಾಗಿ ಕೇಳಿಸುತ್ತದೆ. ತಪ್ಪೆಂದು ಯಾರೂ ಜಗಳಕ್ಕೆ ಬರುವುದಿಲ್ಲ, ಆದರೆ ಹೆಸರು ತಲೆಕೆಳಗಾಗಿರುವುದಂತೂ ನಿಜ.

ಎಲ್ಲ ಮನೆಹೆಸರುಗಳೂ ಮೂಲಪುರುಷನ ಹೆಸರಿನಿಂದಲೇ ಬಂದವೆ?

ಬಹುಪಾಲು ಹಾಗೆಯೇ, ಎಲ್ಲವೂ ಅಲ್ಲ. ಕೆಲವು ಹೆಸರುಗಳಲ್ಲಿ ನೆಲವೇ ಕಾಣಿಸುತ್ತದೆ. ನಡಿಕೇರಿಯಂಡ ಎಂಬಲ್ಲಿ ‘ಕೇರಿ’ ಇದೆ. ಊರಿನ ನಡುವಣ ಕೇರಿಯವರು ಎಂಬ ಭಾವ ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಪಡಿಞರಂಡ ಎಂಬಲ್ಲಿ ಪಡುವಣ ದಿಕ್ಕು ಇದೆ. ಐಚೆಟ್ಟಿರ, ಅಪ್ಪಚೆಟ್ಟೋಳಂಡ ಎಂಬವುಗಳಲ್ಲಿ ‘ಚೆಟ್ಟಿ’ ಎಂಬ ತುಣುಕಿದೆ. ಅದನ್ನು ಕಂಡ ಕೂಡಲೇ ಇವರ ಹಿರಿಯರು ವ್ಯಾಪಾರಿಗಳಾಗಿದ್ದರೆಂದು ತೀರ್ಮಾನಿಸುವುದು ಅವಸರ, ಏಕೆಂದರೆ ಚೆಟ್ಟಿ, ಶೆಟ್ಟಿ ಎಂಬವು ದಕ್ಷಿಣದಲ್ಲೆಲ್ಲ ಗೌರವದ ಹೆಸರುಗಳಾಗಿಯೂ ವ್ಯಕ್ತಿಗಳ ಹೆಸರುಗಳಾಗಿಯೂ ಬಳಕೆಯಲ್ಲಿದ್ದವು.

ಕೆಲವು ಒಕ್ಕಗಳ ಹೆಸರಿನ ಹಿಂದೆ ಕಥೆಗಳಿವೆ: ಬೇಟೆಯಲ್ಲಿ ಹುಲಿಯನ್ನು ಕೊಂದವನು, ದೇವರನ್ನು ಮಲಯಾಳದಿಂದ ಹೊತ್ತು ತಂದವನು, ಅಣ್ಣನೊಡನೆ ಮುನಿಸಿಕೊಂಡು ಹೊಳೆ ದಾಟಿ ಬಂದವನು. ಇವನ್ನು ಬರೆದಿಡಬೇಕು, ಮಕ್ಕಳಿಗೆ ಹೇಳಬೇಕು. ಆದರೆ ಇತಿಹಾಸವೆಂದು ಮುದ್ರಿಸುವ ಮೊದಲು ಅದೇ ಕಥೆಯನ್ನು ನೆರೆಯ ಇನ್ನೆರಡು ಒಕ್ಕಗಳೂ ಹೇಳಿಕೊಳ್ಳುತ್ತಿವೆಯೇ ಎಂದು ವಿಚಾರಿಸುವುದು ಒಳ್ಳೆಯದು. ಇನ್ನು ಸಂಸ್ಕೃತದ ಯಾವುದೋ ಪದಕ್ಕೋ, ಗ್ರೀಕರಿಗೋ, ಅರಬರಿಗೋ ಮನೆಹೆಸರನ್ನು ಗಂಟುಹಾಕುವ ಬರಹಗಳು ವಾಟ್ಸ್ಆ್ಯಪ್‌ನಲ್ಲಿ ವರ್ಷಕ್ಕೊಮ್ಮೆಯಾದರೂ ಬಂದೇ ಬರುತ್ತವೆ. ಹೆಸರಿನ ರಚನೆಯೇ ಅಪ್ಪಟ ದ್ರಾವಿಡದ್ದಾಗಿರುವಾಗ ಅಷ್ಟು ದೂರ ಹೋಗುವ ಅಗತ್ಯವೇನೆಂದು ನನಗೆ ಅರ್ಥವಾಗಿಲ್ಲ.

ಈ ಹೆಸರುಗಳು ಎಷ್ಟು ಹಳೆಯವು?

ಕೊಡಗಿನ ಅರಸರ ಕಾಲದ ದಾಖಲೆಗಳಲ್ಲಿ ಅವು ಈಗಿನ ರೂಪಕ್ಕೆ ಬಹಳ ಹತ್ತಿರವಾಗಿಯೇ ಸಿಗುತ್ತವೆ. 1811ರಿಂದ 1820ರವರೆಗೆ ಆಳಿದ ಲಿಂಗರಾಜ ಒಡೆಯರ ಕಾಲದಲ್ಲಿ ನಡೆದ ಭೂಮಿಯ ಅಳತೆಯ ಲೆಕ್ಕ, ಅಂದರೆ ಶಿಸ್ತು, ಒಕ್ಕಗಳ ಹಿಡುವಳಿಗಳನ್ನು ತಿಳಿಯಲು ಇಂದಿಗೂ ಆಧಾರವಾಗಿದೆ. 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡಾಗ ದಿವಾನರಾಗಿದ್ದವರು ಚೆಪ್ಪುಡೀರ ಪೊನ್ನಪ್ಪ ಮತ್ತು ಅಪ್ಪಾರಂಡ ಬೋಪು. ಗಮನಿಸಿ, ಆ ಹೆಸರುಗಳಲ್ಲಿ ತಂದೆಯ ಹೆಸರಿಲ್ಲ. ಒಕ್ಕ ಮತ್ತು ವ್ಯಕ್ತಿ, ಅಷ್ಟೇ. ನಡುವೆ ತಂದೆಯ ಹೆಸರು ಖಾಯಂ ಆಗಿ ಸೇರಿಕೊಂಡದ್ದು ಶಾಲೆಯ ಹಾಜರಿ ಪುಸ್ತಕ, ಸೈನ್ಯದ ಪಟ್ಟಿ, ಕಚೇರಿಯ ರಿಜಿಸ್ಟರ್‌ಗಳ ಕಾಲದಲ್ಲಿ. 1834ರ ಚೆಪ್ಪುಡೀರವೇ 1952ರಲ್ಲಿ ಮುಖ್ಯಮಂತ್ರಿಯ ಹೆಸರಿನಲ್ಲಿ ‘ಸಿ’ ಆಗಿ ಕುಗ್ಗಿದೆ.

ಮನೆಹೆಸರಿಗೂ ಐನ್‌ಮನೆಗೂ ಇರುವ ಸಂಬಂಧವೇನು?

ಐನ್‌ಮನೆ ಎಂದರೆ ಒಕ್ಕದ ಮೂಲಮನೆ. ಗದ್ದೆಯ ಬಯಲಿಗೆ ಮುಖಮಾಡಿ, ಸ್ವಲ್ಪ ಎತ್ತರದ ನೆಲದಲ್ಲಿ, ಉದ್ದನೆಯ ಓಣಿಯ ಕೊನೆಯಲ್ಲಿ ಕಟ್ಟಿದ ಅಂತಹ ಮನೆಗಳು ಕೊಡಗಿನ ನಾಡುನಾಡುಗಳಲ್ಲಿ ಇಂದಿಗೂ ಇವೆ. ನಡುವೆ ತೆರೆದ ಅಂಗಳವಿರುವ ಚೌಕದ ಮನೆಗಳೂ ಉಂಟು, ಹುಲ್ಲಿನ ಮಾಡನ್ನು ಎಂದೋ ಹೆಂಚಿಗೆ ಬದಲಿಸಿಕೊಂಡ ಸಾದಾ ಮನೆಗಳೂ ಉಂಟು. ಒಳಗೆ ‘ನೆಲ್ಲಕ್ಕಿ ನಡುಬಾಡೆ’ ಎಂಬ ಪಡಸಾಲೆಯಲ್ಲಿ ದೀಪ ಉರಿಯುತ್ತದೆ. ಒಕ್ಕದ ಶುಭಕಾರ್ಯಗಳ ಪ್ರಾರ್ಥನೆ ಅದರ ಎದುರೇ ನಡೆಯುತ್ತದೆ. ಹತ್ತಿರದಲ್ಲಿ ಕೈಮಡ, ಅಂದರೆ ಹಿರಿಯರ ಗುಡಿ. ಒಕ್ಕಕ್ಕೆ ಹೆಸರು ಕೊಟ್ಟ ಮೂಲಪುರುಷನೂ ಅವನ ನಂತರದ ಹೆಸರಾಂತ ಹಿರಿಯರೂ ಅಲ್ಲಿ ‘ಕಾರೋಣ’ರಾಗಿ ನೆಲೆಸಿದ್ದಾರೆ, ವರ್ಷಕ್ಕೊಮ್ಮೆ ಅವರಿಗೆ ಎಡೆ ಸಲ್ಲುತ್ತದೆ.

ಆದ್ದರಿಂದ ಮನೆಹೆಸರು ಒಂದು ವಿಳಾಸವೂ ಹೌದು. ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ ಕದಿರು ಕೊಯ್ದು ತರುವುದು ಐನ್‌ಮನೆಗೆ. ಪಟ್ಟಣಗಳಲ್ಲಿ ನೆಲೆಸಿದವರು ಅದಕ್ಕಾಗಿ ರಜೆ ಹಾಕಿ ಬರುತ್ತಾರೆ. ಹಿಂದೆ ಒಕ್ಕದವರೆಲ್ಲ ಒಟ್ಟಿಗೆ ಬಾಳುತ್ತಿದ್ದ ಮನೆಗಳಲ್ಲಿ ಈಗ ಒಂದು ವಯಸ್ಸಾದ ದಂಪತಿಯಷ್ಟೇ ಇರುವುದುಂಟು, ಬೀಗ ಬಿದ್ದಿರುವುದೂ ಉಂಟು. ಎಷ್ಟೋ ಒಕ್ಕಗಳು ಚಂದಾ ಎತ್ತಿ ಐನ್‌ಮನೆಯನ್ನು ಹೊಸದಾಗಿ ಕಟ್ಟಿಸಿವೆ. ಹೊಸದು ಕಾಂಕ್ರೀಟಿನದಾದರೂ ದೀಪದ ಜಾಗ, ಕೈಮಡದ ಜಾಗ ಕದಲುವುದಿಲ್ಲ.

ಮದುವೆಯಾದ ಹೆಣ್ಣಿನ ಮನೆಹೆಸರು ಏನಾಗುತ್ತದೆ?

ಅವಳು ಗಂಡನ ಒಕ್ಕಕ್ಕೆ ಸೇರುತ್ತಾಳೆ, ಆ ಹೆಸರನ್ನು ಪಡೆಯುತ್ತಾಳೆ. ಹುಟ್ಟಿದ ಒಕ್ಕ ಅವಳಿಗೆ ‘ತಾಮನೆ’ ಆಗುತ್ತದೆ. ಈ ವರ್ಗಾವಣೆ ಸದ್ದಿಲ್ಲದೆ ನಡೆಯುವುದಲ್ಲ. ಮದುವೆಯಲ್ಲಿ ಅದಕ್ಕೆಂದೇ ‘ಸಮ್ಮಂದ’ ಎಂಬ ಶಾಸ್ತ್ರವಿದೆ. ಎರಡೂ ಕಡೆಯ ‘ಅರುವ’ರು, ಅಂದರೆ ಒಕ್ಕದ ಪರವಾಗಿ ಮಾತನಾಡುವ ಹಿರಿಯರು, ಎದುರುಬದುರು ನಿಂತು ಹೆಣ್ಣಿಗೆ ಹೊಸ ಮನೆಯಲ್ಲಿ ಯಾವ ಹಕ್ಕುಗಳು ಸಿಗುತ್ತವೆ ಎಂದು ಒಬ್ಬರು ಕೇಳಿ ಇನ್ನೊಬ್ಬರು ಒಪ್ಪಿಕೊಳ್ಳುತ್ತಾರೆ, ಸಣ್ಣ ಕಲ್ಲುಗಳನ್ನು ಹೊನ್ನೆಂದು ಭಾವಿಸಿ ಕೈಯಿಂದ ಕೈಗೆ ಕೊಡುತ್ತಾರೆ. ಪುರೋಹಿತರಿಲ್ಲದ, ಮಂತ್ರವಿಲ್ಲದ ಮದುವೆಯಲ್ಲಿ ಇದು ಬಹುಮಟ್ಟಿಗೆ ಒಪ್ಪಂದಪತ್ರದ ಕೆಲಸ ಮಾಡುತ್ತದೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಕೊಡಗಿನ ಹಾಡು, ಗಾದೆ, ಆಚರಣೆಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂದು ಪ್ರಕಟಿಸಿದವರು ನಡಿಕೇರಿಯಂಡ ಚಿಣ್ಣಪ್ಪನವರು. ಅದನ್ನು ಇಂಗ್ಲಿಷಿಗೆ ಅನುವಾದಿಸಿ 2003ರಲ್ಲಿ ಹೊರತಂದವರು ಅವರ ಮೊಮ್ಮಕ್ಕಳಾದ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ. ಆದರೆ ಅವರ ಮನೆಹೆಸರು ನಡಿಕೇರಿಯಂಡ ಅಲ್ಲ, ಬೊವ್ವೇರಿಯಂಡ. ರಕ್ತ ಅಜ್ಜನದೇ ಆದರೂ ಹೆಸರು ಒಕ್ಕದ ದಾರಿಯಲ್ಲಿಯೇ ನಡೆಯುತ್ತದೆ. ಅಜ್ಜನ ‘ಚಿಣ್ಣಪ್ಪ’ ಮಾತ್ರ ಮೊಮ್ಮಗನಲ್ಲಿ ಮರಳಿ ಬಂದಿದೆ.

ಇಂದು ಅನೇಕ ಹೆಣ್ಣುಮಕ್ಕಳು ಕಾಗದಪತ್ರಗಳಲ್ಲಿ ತಾಮನೆಯ ಹೆಸರನ್ನೇ ಉಳಿಸಿಕೊಳ್ಳುತ್ತಾರೆ, ಕೆಲವರು ಎರಡನ್ನೂ ಬರೆಯುತ್ತಾರೆ. ಅದಕ್ಕೆ ಅಡ್ಡಿಯೇನಿಲ್ಲ. ಅದರಿಂದ ಒಕ್ಕದ ಲೆಕ್ಕ ಬದಲಾಗುವುದೂ ಇಲ್ಲ.

ಗಂಡು ಸಂತಾನವಿಲ್ಲದ ಒಕ್ಕದ ಹೆಸರು ಅಳಿದುಹೋಗುತ್ತದೆಯೆ?

ಅಳಿಯಬಾರದೆಂದೇ ಹಿರಿಯರು ಎರಡು ದಾರಿಗಳನ್ನು ಮಾಡಿಟ್ಟಿದ್ದಾರೆ. ‘ಒಕ್ಕ ಪರಿಜೆ’ಯಲ್ಲಿ ಗಂಡನೇ ತನ್ನ ಒಕ್ಕವನ್ನು ಬಿಟ್ಟು ಹೆಂಡತಿಯ ಒಕ್ಕಕ್ಕೆ ಸೇರಿ ಆ ಹೆಸರನ್ನು ಹೊರುತ್ತಾನೆ. ‘ಮಕ್ಕ ಪರಿಜೆ’ಯಲ್ಲಿ ಗಂಡ ತನ್ನ ಒಕ್ಕದವನಾಗಿಯೇ ಉಳಿಯುತ್ತಾನೆ, ಹುಟ್ಟಿದ ಮಕ್ಕಳು ಮಾತ್ರ ತಾಯಿಯ ಒಕ್ಕಕ್ಕೆ ಸಲ್ಲುತ್ತಾರೆ. ಕೊಡವರದು ಕಟ್ಟುನಿಟ್ಟಾದ ಪಿತೃಪ್ರಧಾನ ಪದ್ಧತಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರು ಈ ಎರಡು ಪರಿಜೆಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಿಮ್ಮ ವಂಶವೃಕ್ಷದಲ್ಲಿ ಎಲ್ಲೋ ಒಂದು ಕಡೆ ಅಪ್ಪನ ಮನೆಹೆಸರಿಗೂ ಮಕ್ಕಳ ಮನೆಹೆಸರಿಗೂ ಹೊಂದಾಣಿಕೆಯಾಗದಿದ್ದರೆ ಬರೆದವರು ತಪ್ಪಿದರೆಂದು ತಿದ್ದಲು ಹೋಗಬೇಡಿ. ಅಲ್ಲೊಂದು ಮಕ್ಕ ಪರಿಜೆ ನಡೆದಿರಬಹುದು.

ಒಂದೇ ಮನೆಹೆಸರಿನವರೆಲ್ಲ ಒಂದೇ ಒಕ್ಕದವರೆ?

ಇರಬೇಕೆಂದಿಲ್ಲ. ಮೂಲಪುರುಷನ ಹೆಸರಿನಿಂದ ಮನೆಹೆಸರು ಹುಟ್ಟುವ ಕಡೆಯಲ್ಲಿ ಎರಡು ನಾಡುಗಳಲ್ಲಿ ಒಂದೇ ಹೆಸರಿನ ಇಬ್ಬರು ಹಿರಿಯರಿದ್ದರೆ ಎರಡು ಬೇರೆ ಒಕ್ಕಗಳಿಗೆ ಒಂದೇ ಹೆಸರು ಬರುವುದು ಸಹಜ. ಹನ್ನೆರಡು ಕೊಂಬು, ಮೂವತ್ತೈದು ನಾಡು ಎಂಬ ವಿಭಾಗಗಳಿದ್ದವೆಂದು ಹಾಡುಗಳು ಹೇಳುವ ಬೆಟ್ಟಗುಡ್ಡದ ಸೀಮೆಯಲ್ಲಿ ಒಂದು ನಾಡಿನ ಸುದ್ದಿ ಇನ್ನೊಂದಕ್ಕೆ ಬೇಗ ಮುಟ್ಟುತ್ತಿರಲಿಲ್ಲ. ಅದಕ್ಕಾಗಿಯೇ ಮುಕ್ಕಾಟಿರ ಎಂದಷ್ಟೇ ಹೇಳದೆ ಹರಿಹರದ ಮುಕ್ಕಾಟಿರ ಎಂದು, ಕುಪ್ಪಂಡ ಎಂದಷ್ಟೇ ಬರೆಯದೆ ಕೈಕೇರಿಯ ಕುಪ್ಪಂಡ ಎಂದು ಊರನ್ನು ಸೇರಿಸಿ ಹೇಳುವುದು. ಒಂದೇ ಒಕ್ಕದೊಳಗೆ ಮದುವೆ ನಿಷಿದ್ಧವಾದ್ದರಿಂದ ಈ ವಿಚಾರಣೆ ಬರಿಯ ಕುತೂಹಲದ್ದಲ್ಲ. ಹೆಸರು ಒಂದೇ ಆಗಿದ್ದಾಗ ಐನ್‌ಮನೆ, ಕೈಮಡ, ಸೂತಕ ಈ ಮೂರರ ಬಗ್ಗೆ ಕೇಳಿದರೆ ಸಾಕು: ಒಂದು ಮನೆಯಲ್ಲಿ ಸಾವಾದರೆ ಇನ್ನೊಂದಕ್ಕೆ ಸೂತಕ ತಟ್ಟುವುದಾದರೆ ಅವರು ಒಂದೇ ಒಕ್ಕ.

ಒಕ್ಕವನ್ನು ಗೋತ್ರ ಎನ್ನಬಹುದೆ?

ದೇವಸ್ಥಾನದಲ್ಲಿ ಅರ್ಚಕರು ಗೋತ್ರ ಕೇಳಿದಾಗ ಮನೆಹೆಸರನ್ನೇ ಹೇಳಿಬಿಡುವವರಿದ್ದಾರೆ, ಅದರಿಂದ ಪೂಜೆಯೇನೂ ನಿಲ್ಲುವುದಿಲ್ಲ. ಆದರೆ ಗೋತ್ರ ಋಷಿಗೆ ಸಂಬಂಧಿಸಿದ್ದು, ಒಕ್ಕ ನೆಲವಿದ್ದ, ಮನೆಯಿದ್ದ ಒಬ್ಬ ಹಿರಿಯನಿಗೆ ಸಂಬಂಧಿಸಿದ್ದು. ಎರಡೂ ಒಂದಲ್ಲ.

ಇಂತಹ ಮನೆಹೆಸರುಗಳು ಕೊಡವರಲ್ಲಿ ಮಾತ್ರ ಇವೆಯೆ?

ಇಲ್ಲ. ಕೊಡವ ತಕ್ಕ್ ಆಡುವ ಅಮ್ಮಕೊಡವ, ಹೆಗ್ಗಡೆ, ಐರಿ ಮುಂತಾದ ಬೇರೆ ಸಮುದಾಯಗಳಲ್ಲಿಯೂ ಇದೇ ಮಾದರಿಯ ಮನೆಹೆಸರುಗಳಿವೆ. ವಿರಾಜಪೇಟೆ ಸೀಮೆಯ ಜಮ್ಮಾ ಮಾಪಿಳ್ಳೆಯವರಲ್ಲಿ ಆಲೀರ, ಪುಲಿಯಂಡ, ದುದ್ದಿಯಂಡ, ಚಿಮ್ಮಿಚೀರ ಎಂಬ ಹೆಸರುಗಳು ಸಿಗುತ್ತವೆ. ಧರ್ಮ ಇಸ್ಲಾಂ ಆದರೂ ಹೆಸರಿನ ಷಷ್ಠಿ ಪ್ರತ್ಯಯ ಕೊಡವ ತಕ್ಕ್‌ನದೇ. ಹೆಸರಿನ ಕೊನೆಯನ್ನು ನೋಡಿ ಜಾತಿ ಮತಗಳನ್ನು ಹೇಳಿಬಿಡುತ್ತೇನೆ ಎನ್ನುವವರಿಗೆ ಇದನ್ನು ತೋರಿಸಬೇಕು.

ಅರೆಭಾಷೆ ಗೌಡರ ಮನೆಹೆಸರುಗಳ ಧಾಟಿ ಬೇರೆ. ಅಲ್ಲಿ ‘ಬಳಿ’ ಎಂಬ ಇನ್ನೊಂದು ವಿಭಾಗವೂ ಉಂಟು, ಮದುವೆಯ ಸಂಬಂಧ ನೋಡುವಾಗ ಅದನ್ನು ಗಣಿಸುತ್ತಾರೆ. ಅವರ ಮನೆಹೆಸರುಗಳಲ್ಲಿ ಗುಡ್ಡೆ, ಮನೆ, ಬೆಟ್ಟಗಳು ಬಯಲಾಗಿಯೇ ಕಾಣಿಸುತ್ತವೆ. 1837ರ ದಂಗೆಗಾಗಿ ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯಗೌಡರ ಹೆಸರೇ ಇದಕ್ಕೆ ಸಾಕ್ಷಿ. ಕೊಂಬಾರನ, ಪೊನ್ನಚನ ಎಂಬಂತೆ ‘ನ’ಕಾರದಲ್ಲಿ ಮುಗಿಯುವ ಹೆಸರುಗಳೂ ಅವರಲ್ಲಿ ಸಾಕಷ್ಟಿವೆ, ಅದು ಕನ್ನಡದ ಷಷ್ಠಿ. ಭಾಷೆ ಬದಲಾದರೂ ‘ಯಾರ ಮನೆಯವರು’ ಎಂಬ ಪ್ರಶ್ನೆಗೆ ಉತ್ತರವಾಗಿ ಹೆಸರು ಹುಟ್ಟುವ ಬಗೆ ಕೊಡಗಿನಲ್ಲಿ ಒಂದೇ.

ಒಂದೇ ಮನೆಹೆಸರನ್ನು ಬೇರೆ ಬೇರೆ ರೀತಿಯಲ್ಲಿ ಬರೆಯುವುದೇಕೆ?

ಕೊಡವ ತಕ್ಕ್‌ನಲ್ಲಿ ಕನ್ನಡದಲ್ಲಿಲ್ಲದ ಸ್ವರಗಳಿವೆ. ನಾಲಗೆಯನ್ನು ಬಾಯಿಯ ನಡುವೆ ಇಟ್ಟು, ತುಟಿಯನ್ನು ದುಂಡಾಗಿಸದೆ ಉಚ್ಚರಿಸುವ ಆ ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಅಕ್ಷರಗಳಿಲ್ಲದ ಕಾರಣ ಒಬ್ಬರು ಇಕಾರ, ಇನ್ನೊಬ್ಬರು ಎಕಾರ, ಮತ್ತೊಬ್ಬರು ಉಕಾರ ಬಳಸುತ್ತಾರೆ. ಇಂಗ್ಲಿಷಿನಲ್ಲಿ ಬರೆದಾಗ ಗೊಂದಲ ಇಮ್ಮಡಿಸುತ್ತದೆ, ಏಕೆಂದರೆ ದ ಮತ್ತು ಡ, ನ ಮತ್ತು ಣ, ಲ ಮತ್ತು ಳ ಎಲ್ಲವೂ ಅಲ್ಲಿ ಒಂದೇ. ಕಾರ್ಯಪ್ಪನವರ ಮನೆಹೆಸರು ಕೊಡಂದೇರ ಎಂದೂ ಕೊದಂಡೇರ ಎಂದೂ ಕನ್ನಡದಲ್ಲಿಯೇ ಎರಡು ಬಗೆಯಾಗಿ ಅಚ್ಚಾಗಿದೆ, ಜನರಲ್ ಕೆ. ಎಸ್. ತಿಮ್ಮಯ್ಯನವರ ‘ಕೆ’ ಇಂಗ್ಲಿಷ್ ಪುಸ್ತಕಗಳಲ್ಲಿ ಕೊಡೆಂದೇರ ಎಂದಾಗಿದೆ. ಪಂದ್ಯಂಡ, ಪಂದಿಯಂಡ, ಚೆಪ್ಪುಡೀರ, ಚೆಪ್ಪುಡಿರ: ಇಂತಹ ಜೋಡಿಗಳು ಎಷ್ಟಾದರೂ ಸಿಗುತ್ತವೆ. ಇವುಗಳಲ್ಲಿ ಒಂದು ಶುದ್ಧ ಇನ್ನೊಂದು ಅಶುದ್ಧವೆಂದು ವಾದಿಸುವುದಕ್ಕಿಂತ, ಹಿರಿಯರ ಬಾಯಲ್ಲಿ ಆ ಹೆಸರು ಹೇಗೆ ಬರುತ್ತದೆಂದು ಧ್ವನಿಮುದ್ರಿಸಿ ಇಡುವುದು ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ ಮನೆಮನೆಗೂ ಮೊಬೈಲ್ ಇದ್ದರೂ ಆ ಕೆಲಸ ಮಾಡಿದವರು ಕಡಿಮೆ.

ಹಾಕಿ ಪಂದ್ಯಾವಳಿಗೆ ಮನೆಹೆಸರುಗಳನ್ನು ಇಡುವುದೇಕೆ?

ಆಡುವ ತಂಡಗಳು ಊರಿನವೂ ಅಲ್ಲ, ಕ್ಲಬ್ಬಿನವೂ ಅಲ್ಲ, ಒಕ್ಕಗಳವು ಎಂಬ ಕಾರಣಕ್ಕೆ. ಪಾಂಡಂಡ ಕುಟ್ಟಪ್ಪನವರ ಯೋಚನೆಯಂತೆ 1997ರಲ್ಲಿ ಕರಡದಲ್ಲಿ ಮೊದಲ ಕೌಟುಂಬಿಕ ಹಾಕಿ ಉತ್ಸವ ನಡೆದಾಗ 60 ಒಕ್ಕಗಳು ತಂಡ ಕಟ್ಟಿದ್ದವು. ಆಮೇಲೆ ವರ್ಷಕ್ಕೊಂದು ಒಕ್ಕ ಹೊಣೆ ಹೊತ್ತು ತನ್ನ ಹೆಸರಿನ ಕಪ್ ನಡೆಸುವುದು ಪದ್ಧತಿಯಾಯಿತು. 2018ರ ಬಳಿಕ ಭೂಕುಸಿತ, ಕೋವಿಡ್‌ಗಳಿಂದ ತಡೆದುನಿಂತ ಉತ್ಸವವನ್ನು 2023ರಲ್ಲಿ ಅಪ್ಪಚೆಟ್ಟೋಳಂಡ ಒಕ್ಕ ನಾಪೋಕ್ಲುವಿನಲ್ಲಿ ಮತ್ತೆ ಆರಂಭಿಸಿತು. 2024ರಲ್ಲಿ ಅಲ್ಲಿಯೇ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು.

ಮನೆಹೆಸರಿನ ಬಗ್ಗೆ ಆಸಕ್ತಿಯಿರುವವರಿಗೆ ಈ ಉತ್ಸವದ ಪಂದ್ಯಗಳ ಪಟ್ಟಿಗಿಂತ ಒಳ್ಳೆಯ ಓದು ಇನ್ನೊಂದಿಲ್ಲ. ಇನಿಷಿಯಲ್ ಆಗಿ ಕುಗ್ಗಿದ್ದ ಹೆಸರುಗಳು ಅಲ್ಲಿ ಆಟಗಾರರ ಬೆನ್ನಿನ ಮೇಲೆ ಪೂರ್ತಿಯಾಗಿ ಕಾಣಿಸುತ್ತವೆ. ಹಾಕಿ ಕೋಲು ಹಿಡಿಯಲು ಬಾರದ ಐವತ್ತು ದಾಟಿದವರನ್ನೂ ತಂಡದ ಸಂಖ್ಯೆ ತುಂಬಲು ಮೈದಾನಕ್ಕೆ ಇಳಿಸುವುದುಂಟು. ಅಂಥವರು ತಮ್ಮ ಒಕ್ಕದ ಹತ್ತಾರು ಯುವಕರ ಹೆಸರನ್ನು ಮೊದಲ ಬಾರಿಗೆ ತಿಳಿದುಕೊಳ್ಳುವುದು ಅಲ್ಲಿಯೇ.

ಜಮ್ಮಾ ಭೂಮಿ ಮತ್ತು ಕೋವಿಗೂ ಮನೆಹೆಸರಿಗೂ ಏನು ಸಂಬಂಧ?

ಅರಸರ ಕಾಲದಿಂದ ಬಂದ ಜಮ್ಮಾ ಹಿಡುವಳಿ ವ್ಯಕ್ತಿಗೆ ಕೊಟ್ಟದ್ದಲ್ಲ, ಒಕ್ಕಕ್ಕೆ ಕೊಟ್ಟದ್ದು. ಸೇವೆಗೆ ಪ್ರತಿಯಾಗಿ ಕಡಿಮೆ ಕಂದಾಯದಲ್ಲಿ ವಂಶಪಾರಂಪರ್ಯವಾಗಿ ಗದ್ದೆಯೂ ಅದಕ್ಕೆ ಹೊಂದಿಕೊಂಡ ಬಾಣೆಯೂ (ಮರಗಾಡಿನ ನೆಲ) ಒಕ್ಕದ ಕೈಯಲ್ಲಿ ಇರುತ್ತಿದ್ದವು. 1899ರ ಕೊಡಗು ಭೂಕಂದಾಯ ಕಾಯ್ದೆಯೂ ಈ ಹಿಡುವಳಿಯನ್ನು ಪ್ರತ್ಯೇಕವಾಗಿಯೇ ಗುರುತಿಸಿತು. ಪಹಣಿಯಲ್ಲಿ ಎಂದೋ ತೀರಿಕೊಂಡ ಪಟ್ಟೆದಾರನ ಹೆಸರು ಇನ್ನೂ ಉಳಿದಿರುವುದು, ಪಾಲುದಾರರು ಹೆಚ್ಚಿದಂತೆ ತಕರಾರುಗಳು ಬೆಳೆದಿರುವುದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಕೋವಿಯ ಲೈಸೆನ್ಸ್‌ನಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಈ ಎರಡೂ ವಿಷಯಗಳಲ್ಲಿ ದಾಖಲೆಯಲ್ಲಿ ಮನೆಹೆಸರು ಪೂರ್ತಿಯಾಗಿ, ಒಂದೇ ಕಾಗುಣಿತದಲ್ಲಿ ಇರುವುದು ಅನುಕೂಲ.

ಅರ್ಜಿಗಳಲ್ಲಿ ‘ಸರ್‌ನೇಮ್’ ಎಂಬಲ್ಲಿ ಏನು ಬರೆಯಬೇಕು?

ಒಮ್ಮೆ ನನ್ನ ಹೆಸರನ್ನು ಗಣಕಕ್ಕೆ ಸೇರಿಸುತ್ತಿದ್ದ ಗುಮಾಸ್ತರೊಬ್ಬರು ಮನೆಹೆಸರನ್ನು ನನ್ನ ಹೆಸರೆಂದೂ, ನನ್ನ ಹೆಸರನ್ನು ಮನೆತನವೆಂದೂ, ನಡುವಿನ ತಂದೆಯನ್ನು ಬೇಡವೆಂದೂ ನಿರ್ಧರಿಸಿದ್ದರು. ಅದನ್ನು ಸರಿಪಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಆ ಅನುಭವದಿಂದ ಹೇಳುವುದಾದರೆ, ಮಗುವಿನ ಜನನ ಪ್ರಮಾಣಪತ್ರದಲ್ಲಿಯೇ ಮನೆಹೆಸರನ್ನು ಇನಿಷಿಯಲ್ ಆಗಿಸದೆ ಪೂರ್ತಿಯಾಗಿ ಬರೆಸಿ, ಕುಟುಂಬದ ಹೆಸರನ್ನು ಕೇಳುವ ಅಂಕಣದಲ್ಲಿ ಒಕ್ಕದ ಹೆಸರನ್ನೇ ಕೊಡಿ. ಅಚ್ಚಿನಲ್ಲಿ ಅದು ಕೊನೆಗೆ ಬಂದರೂ ಬರಲಿ. ಅಪ್ಪನ ಹೆಸರು ಮನೆತನವಾಗಿ, ಮನೆತನ ಮಾಯವಾಗುವುದಕ್ಕಿಂತ ಅದು ಲೇಸು. ಈಗಾಗಲೇ ಶಾಲೆಯ ದಾಖಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲವೂ ಒಂದೇ ರೀತಿಯಲ್ಲಿದ್ದರೆ, ಅವು ಹೇಗೇ ಇರಲಿ, ಮುಟ್ಟಲು ಹೋಗಬೇಡಿ.

ನನ್ನ ಬಳಿ ಇನಿಷಿಯಲ್ ಮಾತ್ರ ಇದೆ. ಮನೆಹೆಸರನ್ನು ಕಂಡುಹಿಡಿಯುವುದು ಹೇಗೆ?

ಅಜ್ಜನ ಕಾಲದಲ್ಲೇ ಕೊಡಗು ಬಿಟ್ಟ ಕುಟುಂಬಗಳಿಂದ ಈ ಪ್ರಶ್ನೆ ಬರುತ್ತದೆ. ಮೊದಲು ಅಜ್ಜನ ಸೇನೆಯ ಅಥವಾ ಸರ್ಕಾರಿ ಕೆಲಸದ ಕಾಗದಗಳನ್ನು ನೋಡಿ. ಸೇವಾ ಪುಸ್ತಕದಲ್ಲಿ ಪೂರ್ಣ ಹೆಸರೂ ಗ್ರಾಮವೂ ಇರುವ ಸಾಧ್ಯತೆ ಹೆಚ್ಚು. ಹಳೆಯ ಮದುವೆಯ ಕಾಗದಗಳು ಇನ್ನೂ ಒಳ್ಳೆಯವು, ಅವುಗಳಲ್ಲಿ ಎರಡೂ ಕಡೆಯ ಮನೆಹೆಸರುಗಳನ್ನು ಬಿಡಿಸಿ ಅಚ್ಚು ಹಾಕಿಸುತ್ತಿದ್ದರು. ಅಜ್ಜಿಯ ತಾಮನೆ ಯಾವುದೆಂದು ಗೊತ್ತಿದ್ದರೆ ಅಲ್ಲಿಂದ ಹಿಂದಕ್ಕೆ ಬರಬಹುದು, ಏಕೆಂದರೆ ಹೆಣ್ಣು ಕೊಟ್ಟ ಮನೆಯವರು ಕೊಟ್ಟ ಮನೆಯನ್ನು ಮರೆಯುವುದಿಲ್ಲ. ಗ್ರಾಮದ ಹೆಸರಷ್ಟೇ ಸಿಕ್ಕಿದರೂ ಸಾಕು, ಆ ಊರಿನಲ್ಲಿ ನಿಮ್ಮ ಅಕ್ಷರದಿಂದ ಶುರುವಾಗುವ ಒಕ್ಕಗಳು ಎರಡೋ ಮೂರೋ ಇರುತ್ತವೆ. ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ, ಬೆಂಗಳೂರುಗಳ ಕೊಡವ ಸಮಾಜಗಳಲ್ಲಿ ವಿಚಾರಿಸಿ. ಅನೇಕ ಒಕ್ಕಗಳು ತಮ್ಮ ವಂಶವೃಕ್ಷವನ್ನು ಕಿರುಪುಸ್ತಕವಾಗಿ ಅಚ್ಚು ಹಾಕಿಸಿವೆ, ಅವು ಮಾರಾಟಕ್ಕೆ ಸಿಗುವುದಿಲ್ಲ, ಕೇಳಿದರೆ ಸಿಗುತ್ತವೆ.

ಒಕ್ಕ ಯಾವುದೆಂದು ಗೊತ್ತಾದ ಮೇಲೆ ಪಟ್ಟೆದಾರರಿಗೆ ಮೊದಲೇ ಹೇಳಿಕಳಿಸಿ ಪುತ್ತರಿಯ ದಿನ ಐನ್‌ಮನೆಗೆ ಹೋಗಿ. ನಿಮ್ಮ ಅಜ್ಜನ ಹೆಸರನ್ನು ಹೇಳಿ. ಅವರು ಯಾರ ಮಗ, ಯಾವ ಕಡೆಯ ಮನೆಯವರು ಎಂದು ಅಲ್ಲಿನ ಹಿರಿಯ ಹೆಂಗಸರು ಕೇಳತೊಡಗುತ್ತಾರೆ. ಉತ್ತರಗಳು ನಿಮಗಿಂತ ಮೊದಲು ಅವರಿಗೇ ಹೊಳೆಯುತ್ತವೆ.